ಅಲುಗಾಡಿದ್ದು ಯಾರು

ಮಾಹೂಝ್
9 ಸೆಪ್ಟೆಂಬರ್ 2024

ಅಪೊಲಿನ್,

ಪ್ರೀತಿ, ಕ್ಷೇಮ ಎಂದೆಲ್ಲ ಬರೆಯುವ ಕಾಗದ ಇದಲ್ಲ. ನಿನ್ನ ಫೋನ್ ನಂಬರನ್ನು ನಾನೇ ಬ್ಲಾಕ್ ಮಾಡಿದ್ದೇನೆ. ಬಾಗಿಲು ತಟ್ಟಿ ಮಾತಾಡಿದರೆ ನಾಳೆ ನೀನು ‘ನಾನು ಹಾಗೆ ಹೇಳಲೇ ಇಲ್ಲ’ ಎನ್ನಬಹುದು. ಆಸ್ಪತ್ರೆಯವರಿಗೆ ಅದು ಚೆನ್ನಾಗಿ ಬರುತ್ತದೆ ಎಂದು ಈ ಒಂದು ತಿಂಗಳಲ್ಲಿ ಕಲಿತೆ. ಆದ್ದರಿಂದ ಮೂರನೇ ಮಹಡಿಯಿಂದ ಮೊದಲನೇ ಮಹಡಿಗೆ ಈ ಕಾಗದ. ಹನ್ನೊಂದು ವರ್ಷ ಈ ಅರಬರ ನಾಡಿನಲ್ಲಿ ನಾವು ತುಳುವಿನಲ್ಲಿ ಮಾತಾಡಿಕೊಂಡೆವು. ಬರೆಯುವುದಕ್ಕೆ ಇಬ್ಬರಿಗೂ ಶಾಲೆಯ ಕನ್ನಡವೇ ಗತಿ.

ಇವರು ಗುರುವಾರ ಮನೆಗೆ ಬಂದರು, ನಡೆದು ಅಲ್ಲ, ಗಾಲಿಕುರ್ಚಿಯಲ್ಲಿ. ಎಡಗೈಯನ್ನು ಬಲಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಳ್ಳುತ್ತಾರೆ, ಯಾರೋ ಇಟ್ಟುಹೋದ ಸಾಮಾನಿನ ಹಾಗೆ. ಹಿದ್ ಬಂದರಿನಿಂದ ಜೊತೆಯ ಟ್ರೇಲರ್ ಡ್ರೈವರುಗಳು ನೋಡಲು ಬರುತ್ತಾರೆ. “ಎಂತಾಯ್ತು ಶರೀಫ್?” ಎಂದು ಕೇಳುತ್ತಾರೆ. ಇವರು ಎಲ್ಲರಿಗೂ ಹೇಳುವುದು ಒಂದೇ ಮಾತು: “ಡಯಾಲಿಸಿಸ್‌ಗೆ ಕುತ್ತಿಗೆಯಲ್ಲಿ ಪೈಪು ಹಾಕುವಾಗ ನಾನೇ ಅಲುಗಾಡಿದೆ ಮಾರಾಯ. ಡಾಕ್ಟರದ್ದು ಎಂತ ತಪ್ಪಿಲ್ಲ.”

ಇಪ್ಪತ್ತಾರು ವರ್ಷ ಇವರ ಜೊತೆ ಸಂಸಾರ ಮಾಡಿದ್ದೇನೆ. ಹಲ್ಲು ಕೀಳಿಸುವಾಗಲೂ ಕಣ್ಣು ಮಿಟುಕಿಸದ ಮನುಷ್ಯ. ಅಂಥವರು ಅಲುಗಾಡಿದರಂತೆ, ಪೈಪು ಹೋಗಬಾರದ ನಾಳಕ್ಕೆ ಹೋಯಿತಂತೆ, ರಕ್ತ ಕಟ್ಟಿ ಮೆದುಳಿಗೆ ಹೊಡೆಯಿತಂತೆ.

ಆ ಕೋಣೆಯಲ್ಲಿದ್ದವರು ಮೂವರು: ಡಾಕ್ಟರ್, ಇವರು, ನರ್ಸ್ ಆಗಿ ನೀನು. ನಾನು ಹೊರಗಿದ್ದೆ, ಒಪ್ಪಿಗೆ ಕಾಗದಕ್ಕೆ ನೀನು ಹಾಕಿಸಿಕೊಂಡ ಸಹಿಯ ಜೊತೆ. “ಸಣ್ಣ ಪೈಪು ಮಾರಾಯ್ತಿ, ಅರ್ಧ ಗಂಟೆಯ ಕೆಲಸ. ನಾನಿಲ್ವಾ?” ಎಂದು ನನ್ನ ಬೆನ್ನು ಸವರಿದ್ದು ನೆನಪುಂಟಾ?

ನನಗೆ ಒಂದೇ ಉತ್ತರ ಬೇಕು. ಇವರು ಅಲುಗಾಡಿದರಾ, ಇಲ್ಲವಾ? ಬರೆದು ಬಾಗಿಲಿನ ಅಡಿಯಿಂದ ತಳ್ಳು. ಒಳಗೆ ಬರಬೇಡ.

ನಬೀಸಾ

*

ಮಾಹೂಝ್
12 ಸೆಪ್ಟೆಂಬರ್ 2024

ನಬೀಸಾ,

ರೋಗಿಯ ವಿಷಯವನ್ನು ಹೀಗೆ ಚೀಟಿಯಲ್ಲಿ ಬರೆದು ಕೊಡಲು ನನಗೆ ಅನುಮತಿ ಇಲ್ಲ. ಕೇಳುವುದಿದ್ದರೆ ಆಸ್ಪತ್ರೆಯ ಕಚೇರಿಗೆ ಅರ್ಜಿ ಕೊಡು.

ಕುತ್ತಿಗೆಯಲ್ಲಿ ದೊಡ್ಡ ರಕ್ತನಾಳಗಳು ಎರಡು, ಒಂದರ ಪಕ್ಕ ಒಂದು. ಪೈಪು ಹಾಕಬೇಕಾದದ್ದು ಹೃದಯಕ್ಕೆ ರಕ್ತ ಹಿಂದಿರುಗುವ ನಾಳಕ್ಕೆ. ನೂರರಲ್ಲಿ ಕೆಲವರಿಗೆ ಸೂಜಿ ಪಕ್ಕದ್ದಕ್ಕೆ, ಮೆದುಳಿಗೆ ರಕ್ತ ಒಯ್ಯುವ ನಾಳಕ್ಕೆ ತಾಗುತ್ತದೆ. ಇದು ಪುಸ್ತಕದಲ್ಲೇ ಇರುವ ತೊಂದರೆ. ನೀನು ಸಹಿ ಹಾಕಿದ ಕಾಗದದಲ್ಲೂ ಇತ್ತು.

ನೀನು ಕೇಳಿದ್ದಕ್ಕೆ ಇಷ್ಟು. ಇನ್ನು ಕೇಳದ್ದನ್ನೂ ಬರೆಯುತ್ತೇನೆ. ಮಾರ್ಚ್ ತಿಂಗಳಲ್ಲಿ ದೊಡ್ಡ ಡಾಕ್ಟರು ಶರೀಫ್ ಭಾಯಿಗೆ, “ಕಿಡ್ನಿ ಹೆಚ್ಚು ದಿನ ನಡೆಯುವುದಿಲ್ಲ, ಈಗಲೇ ಕೈಯಲ್ಲಿ ಫಿಸ್ತುಲಾ ಮಾಡಿಸಿ” ಎಂದಿದ್ದರು. ಕೈಯ ಎರಡು ನಾಳ ಸೇರಿಸಿ ಹೊಲಿಯುವ ಸಣ್ಣ ಆಪರೇಷನ್. ಅದು ಆಗಿದ್ದರೆ ಆಗಸ್ಟ್‌ನಲ್ಲಿ ಕುತ್ತಿಗೆಯನ್ನು ಯಾರೂ ಮುಟ್ಟಬೇಕಾಗಿರಲಿಲ್ಲ. ಬೇಡ ಎಂದದ್ದು ಯಾರು? “ಕೈ ಕೊಯ್ದರೆ ಟ್ರೇಲರ್ ಓಡಿಸುವುದು ಹೇಗೆ? ಊರಿನಿಂದ ಕಷಾಯ ಬರ್ಲಿಕ್ಕುಂಟು” ಎಂದದ್ದು ಯಾರು? ನನ್ನ ಅಡುಗೆಮನೆಯಲ್ಲಿ ಕುಳಿತೇ ಹೇಳಿದ್ದೆ ನೀನು.

ಉಸಿರು ಕಟ್ಟಿದ ಮೇಲೆ ಎತ್ತಿಕೊಂಡು ಬಂದಿರಿ. ಕೊನೆಯ ಗಳಿಗೆಯಲ್ಲಿ ಬಂದವರಿಗೆ ಕೊನೆಯ ಗಳಿಗೆಯ ಚಿಕಿತ್ಸೆ ಸಿಗುತ್ತದೆ.

ಅಪೊಲಿನ್

*

ಮಾಹೂಝ್
20 ಸೆಪ್ಟೆಂಬರ್ 2024

ಅಪೊಲಿನ್,

ಕಚೇರಿಗೆ ಅರ್ಜಿ ಕೊಡು ಎಂದೆಯಲ್ಲ, ಕೊಟ್ಟೆ. ಇವರ ತಮ್ಮ ಫೈಝಲ್ ಮೂರು ಸಲ ಹೋಗಿ ಫೈಲಿನ ಜೆರಾಕ್ಸ್ ತಂದ. ಅದರಲ್ಲಿ ಇಂಗ್ಲಿಷಿನಲ್ಲಿ ಇದ್ದದ್ದನ್ನು ಅವನು ಓದಿ ಹೇಳಿದ: ‘ಕೆಲಸ ನಡೆಯುತ್ತಿರುವಾಗ ರೋಗಿ ಇದ್ದಕ್ಕಿದ್ದಂತೆ ಕುತ್ತಿಗೆ ಅಲುಗಾಡಿಸಿದ.’

ಅದನ್ನು ಬರೆದದ್ದು ಡಾಕ್ಟರ್ ಅಂದುಕೊಂಡಿದ್ದೆ. ಫೈಝಲ್ ಹೆಸರು ಓದುವ ಮೊದಲೇ ನನಗೆ ಗೊತ್ತಾಯಿತು. ನನ್ನ ಫ್ರಿಡ್ಜಿನ ಮೇಲೆ ಇವರ ಪಥ್ಯದ ಪಟ್ಟಿ ಉಂಟಲ್ಲ, ಬಾಳೆಹಣ್ಣು ಬೇಡ, ಎಳನೀರು ಬೇಡ, ಖರ್ಜೂರ ಬೇಡ ಎಂದು ನೀನು ಬರೆದುಕೊಟ್ಟದ್ದು, ಮೇಲೆ ಇಂಗ್ಲಿಷಿನಲ್ಲಿ ಇವರ ಹೆಸರು, ಮಾತ್ರೆಗಳ ಹೆಸರು, ಅದೇ ಕೈ. ಕೆಳಗೆ ಸಹಿ, ಅಪೊಲಿನ್ ಕ್ರಾಸ್ತಾ.

ಬರೆದವಳು ನೀನು. ನನಗೆ ಮಾತ್ರ ಬರೆಯಲು ಅನುಮತಿ ಇಲ್ಲ!

ಆ ಪಟ್ಟಿಯನ್ನು ಹರಿದು ಹಾಕಿದೆ. ಆಮೇಲೆ ಮಧ್ಯಾಹ್ನದ ಅಡುಗೆಗೆ ಬೇಕಾಯಿತು. ಕಸದ ಬುಟ್ಟಿಯಿಂದ ತುಂಡು ಹೆಕ್ಕಿ ಜೋಡಿಸಿ, ನನ್ನ ಕೈಯಲ್ಲೇ ಬರೆದುಕೊಂಡೆ. ನಿನ್ನ ಹತ್ತಿರ ಇರುವ ನಮ್ಮ ಮನೆಯ ಬೀಗದಕೈ ಹಿಂದೆ ಕೊಡುವುದು ಬೇಡ. ಬೀಗವನ್ನೇ ಬದಲಾಯಿಸಿದ್ದೇವೆ.

ಮಾರ್ಚ್ ತಿಂಗಳ ಲೆಕ್ಕ ನನಗೆ ಹೇಳಿದೆ. ಅದನ್ನು ನಾನು ಅಲ್ಲಾಹನ ಮುಂದೆ ಹೇಳುತ್ತೇನೆ. ಪೈಪು ಹಾಕಿದ ಆಗಸ್ಟ್ ಹನ್ನೆರಡರದ್ದು ನೀನು ಯಾರ ಮುಂದೆ ಹೇಳುತ್ತೀ?

ನಬೀಸಾ

*

ಮಾಹೂಝ್
27 ಸೆಪ್ಟೆಂಬರ್ 2024

ನಬೀಸಾ,

ನಿನ್ನೆ ಲಿಫ್ಟಿನಲ್ಲಿ ನನ್ನ ಮಗಳು ಕ್ಯಾರೆನ್‌ಳಿಗೆ, “ನಿನ್ನ ಮಮ್ಮಿ ಇವತ್ತು ಯಾರ ಕುತ್ತಿಗೆ ಹಿಡೀಲಿಕ್ಕೆ ಹೋಗಿದ್ದಾರೆ?” ಎಂದು ಕೇಳಿದೆಯಂತೆ. ಅವಳಿಗೆ ಹದಿನೇಳು ವರ್ಷ. ಬೆಳಿಗ್ಗೆ ಟ್ಯೂಷನ್‌ಗೆ ಹೋಗುವುದಿಲ್ಲ ಎಂದು ಕುಳಿತಳು. ನನಗೆ ಏನು ಬೇಕಾದರೂ ಹೇಳು, ಅವಳ ತಂಟೆಗೆ ಬಂದರೆ ನಾನೂ ಸುಮ್ಮನಿರುವವಳಲ್ಲ.

ಇನ್ನೊಂದು ವಿಷಯ. ನೀವು ಈಗ ಬೇರೆ ಆಸ್ಪತ್ರೆಗೆ ಹೋಗುತ್ತಿದ್ದೀರಿ, ಅಲ್ಲಿನ ಕೆಲಸ ನನ್ನದಲ್ಲ. ಆದರೆ ಎರಡನೇ ಮಹಡಿಯ ರೋಜಿ ಹೇಳಿದಳು, ಶರೀಫ್ ಭಾಯಿಯ ಬಲಗಾಲು ನಿನ್ನೆಯಿಂದ ಊದಿದೆ ಎಂದು. ಪೈಪು ಈಗ ಇರುವುದು ಆ ಕಡೆಯ ತೊಡೆಸಂದಿಯಲ್ಲಿ. ಎಣ್ಣೆ ಹಚ್ಚಬೇಡ, ತಿಕ್ಕಬೇಡ. ನಾಡಿದ್ದು ಡಯಾಲಿಸಿಸ್‌ಗೆ ಹೋದಾಗ ತೋರಿಸಿದರಾಯಿತು ಎಂದು ಕಾಯಬೇಡ. ಇವತ್ತೇ ಹೋಗಿ ಕಾಲಿನ ನಾಳದ ಸ್ಕ್ಯಾನ್ ಮಾಡಿಸು. ನನ್ನ ಮೇಲಿನ ಸಿಟ್ಟಿಗೆ ಇದನ್ನು ಹರಿದು ಹಾಕಬೇಡ.

ಅಪೊಲಿನ್

*

ಮಾಹೂಝ್
6 ಅಕ್ಟೋಬರ್ 2024

ಅಪೊಲಿನ್,

ಸ್ಕ್ಯಾನ್ ಮಾಡಿಸಿದೆ. ತೊಡೆಯ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಒಂದು ದಿನ ತಡವಾಗಿದ್ದರೆ ಶ್ವಾಸಕೋಶಕ್ಕೆ ಹೋಗುತ್ತಿತ್ತಂತೆ. ಎಂಟು ದಿನ ಮಲಗಿಸಿಕೊಂಡು ನಿನ್ನೆ ಬಿಟ್ಟರು. ನಿನಗೆ ಶುಕ್ರಿಯಾ ಹೇಳುವುದಿಲ್ಲ. ಕ್ಯಾರೆನ್‌ಳಿಗೆ ನಾನು ಹಾಗೆ ಹೇಳಬಾರದಿತ್ತು. ಅದನ್ನು ಅವಳ ಹತ್ತಿರವೇ ಹೇಳಿದ್ದೇನೆ, ನಿನ್ನ ಹತ್ತಿರ ಅಲ್ಲ.

ಆಸ್ಪತ್ರೆಯಲ್ಲಿ ಮಲಗಿದ್ದಾಗ ಇವರು ಒಂದು ಸಂಗತಿ ಹೇಳಿದರು. ಆಗಸ್ಟ್ ಇಪ್ಪತ್ತಾರಕ್ಕೆ ಆ ಡಾಕ್ಟರ್ ವಾರ್ಡಿಗೆ ಬಂದಾಗ, ಇವರು ಅವನ ಕೈ ಹಿಡಿದುಕೊಂಡು “ಮಾಫ್ ಕರೋ ಡಾಕ್ಟರ್ ಸಾಬ್, ಮೇರೀ ಗಲ್ತೀ” ಎಂದರಂತೆ, ತಪ್ಪು ನನ್ನದೇ ಎಂದು. ಆ ಮನುಷ್ಯ “ಕೋಯೀ ಬಾತ್ ನಹೀ”, ಪರವಾಗಿಲ್ಲ, ಎಂದು ಇವರ ಭುಜ ತಟ್ಟಿದನಂತೆ. “ಆಗ ಯಾರಿದ್ರು?” ಎಂದು ಕೇಳಿದೆ. “ಅಪೊಲಿನ್ ಸಿಸ್ಟರ್ ಇದ್ರು” ಎಂದರು.

ನೀನು ಅಲ್ಲೇ ನಿಂತಿದ್ದೆಯಾ ಅಪೊಲಿನ್? ನನ್ನ ಗಂಡ ಒಂದೇ ಕೈಯಲ್ಲಿ ಅವನ ಕೈ ಹಿಡಿದು ಮಾಫಿ ಕೇಳುವಾಗ ನೀನು ಎಂತ ಮಾಡ್ತಾ ಇದ್ದೆ?

ಇವರ ಕಂಪನಿಯವರು ವೀಸಾ ರದ್ದು ಮಾಡಿದ್ದಾರೆ. ನವೆಂಬರ್ ಎರಡಕ್ಕೆ ಊರಿಗೆ ಹೊರಡುತ್ತೇವೆ. ಕೆಟ್ಟ ಹೆಸರನ್ನೂ ಕಟ್ಟಿಕೊಂಡು ಇವರು ವಿಮಾನ ಹತ್ತಬಾರದು. ಅಷ್ಟರೊಳಗೆ ಬರೆದುಕೊಡು.

ನಬೀಸಾ

*

ಮಾಹೂಝ್
30 ಅಕ್ಟೋಬರ್ 2024

ನಬೀಸಾ,

ಅವರು ಅಲುಗಾಡಲಿಲ್ಲ.

ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು. ಇನ್ನು ಪೂರ್ತಿ ಬರೆಯುತ್ತೇನೆ.

ಅವತ್ತು ಮಧ್ಯಾಹ್ನ ಎರಡು ಗಂಟೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿತ್ತು, ಹೃದಯ ಯಾವಾಗ ನಿಲ್ಲುತ್ತದೋ ಎಂಬ ಸ್ಥಿತಿ. ಅದು ಸುಳ್ಳಲ್ಲ. ನಾಳವನ್ನು ಪರದೆಯಲ್ಲಿ ನೋಡಿಕೊಂಡು ಸೂಜಿ ಹಾಕಲು ಒಂದು ಮೆಷಿನ್ ಇದೆ, ಅದು ಮೇಲಿನ ಐಸಿಯುನಲ್ಲಿತ್ತು. ನಾನು ಫೋನ್ ಮಾಡಿದೆ. ಇಪ್ಪತ್ತು ನಿಮಿಷ ಎಂದರು. ಡಾಕ್ಟರ್, “ಬೀಸ್ ಮಿನಟ್ ನಹೀ ಹೈ ಹಮಾರೇ ಪಾಸ್” ಎಂದರು. ಕೈಯಂದಾಜಿನಲ್ಲೇ ಶುರು ಮಾಡಿದರು.

ಶರೀಫ್ ಭಾಯಿಯ ಮುಖ ಎಡಕ್ಕೆ ತಿರುಗಿಸಿ ನೀಲಿ ಬಟ್ಟೆ ಮುಚ್ಚಿದ್ದೆವು. “ಅಲುಗಾಡಬೇಡಿ ಭಾಯಿ” ಎಂದೆ. ಬಟ್ಟೆಯ ಕೆಳಗಿನಿಂದ “ಇಲ್ಲ ಸಿಸ್ಟರ್” ಎಂದರು. ಆಮೇಲೆ ಅವರು ಕೆಮ್ಮಲೂ ಇಲ್ಲ.

ಮೊದಲ ಸಲ ಸೂಜಿಗೆ ಏನೂ ಸಿಗಲಿಲ್ಲ. ಎರಡನೇ ಸಲ ರಕ್ತ ಬಂತು. ಉಸಿರು ಕಟ್ಟಿದವರ ರಕ್ತದ ಬಣ್ಣ ನೋಡಿ ಎಲ್ಲಿಯದೆಂದು ಹೇಳಲಾಗುವುದಿಲ್ಲ. ಆದರೆ ಅದು ಮಿಡಿಯುತ್ತಿತ್ತು ನಬೀಸಾ. ಎದೆ ಬಡಿದ ಹಾಗೆ ಹಾರಿ ಹಾರಿ ಬರುತ್ತಿತ್ತು. ನಮಗೆ ಬೇಕಾದ ನಾಳದ ರಕ್ತ ಹರಿಯುತ್ತದೆ, ಹಾರುವುದಿಲ್ಲ. ಇದನ್ನು ಹೊಸದಾಗಿ ಬಂದ ನರ್ಸಿಗೂ ನಾನೇ ಕಲಿಸುತ್ತೇನೆ. ‘ರುಕಿಯೇ’, ನಿಲ್ಲಿಸಿ, ಎಂಬ ಮಾತು ಗಂಟಲಿಗೆ ಬಂತು. ಬಾಯಿ ಬಿಟ್ಟು ಹೇಳಿದೆನೋ, ಮನಸ್ಸಿನಲ್ಲಿ ಹೇಳಿಕೊಂಡೆನೋ, ಎಷ್ಟು ನೆನಪಿಸಿಕೊಂಡರೂ ಗೊತ್ತಾಗುತ್ತಿಲ್ಲ. ಡಾಕ್ಟರ್ ತಂತಿ ಇಳಿಸಿದರು. ದಾರಿ ದೊಡ್ಡದು ಮಾಡಿದರು. ಪೈಪು ತೂರಿಸಿದರು. ನಾನು ಒಂದೊಂದನ್ನೂ ಕೈಗೆ ಕೊಟ್ಟೆ.

ಪೈಪಿನ ಮುಚ್ಚಳ ತೆಗೆದಾಗ ರಕ್ತ ಡಾಕ್ಟರರ ಎದೆಗೆ ಚಿಮ್ಮಿತು. ಆಗಲಾದರೂ ಪೈಪನ್ನು ಹಾಗೇ ಬಿಟ್ಟು ರಕ್ತನಾಳದ ಸರ್ಜನ್ನರನ್ನು ಕರೆಯಬೇಕಿತ್ತು. ಡಾಕ್ಟರ್ ಗಾಬರಿಯಲ್ಲಿ ಎಳೆದು ತೆಗೆದರು. “ದಬಾವೋ, ದಬಾವೋ!” ಎಂದರು. ನಾನು ಒತ್ತಿ ಹಿಡಿದೆ. ನನ್ನ ಅಂಗೈ ಕೆಳಗೇ ಕುತ್ತಿಗೆ ಊದುತ್ತಾ ಬಂತು. ಆಮೇಲಿನದು ನಿನಗೆ ಗೊತ್ತು. ಉಸಿರಿಗೆ ನಳಿಗೆ, ಆಪರೇಷನ್ ಥಿಯೇಟರ್, ಮೂರನೇ ದಿನ ಎಚ್ಚರವಾದಾಗ ಏಳದ ಎಡಗೈ.

ಸಂಜೆ ಆರಕ್ಕೆ ಡಾಕ್ಟರ್ ಫೈಲು ಹಿಡಿದು ಬಂದರು. “ಪೇಶೆಂಟ್ ಹಿಲಾ ಥಾ ನಾ, ಸಿಸ್ಟರ್?” ಎಂದರು, ರೋಗಿ ಅಲುಗಾಡಿದ ಅಲ್ಲವಾ ಎಂದು. ಆಜ್ಞೆ ಮಾಡಲಿಲ್ಲ, ಕೇಳಿದರು ಅಷ್ಟೆ. ಇಲ್ಲ ಎನ್ನಬಹುದಿತ್ತು. ಬರೆದೆ. ಕ್ಯಾರೆನ್‌ಳ ಹನ್ನೆರಡನೇ ಕ್ಲಾಸು, ನನ್ನ ಕೆಲಸ, ವೀಸಾ, ಇವೆಲ್ಲ ಆಮೇಲೆ ನಾನು ಹುಡುಕಿಕೊಂಡ ಕಾರಣಗಳು. ಆ ಹೊತ್ತಿನಲ್ಲಿ ಒಂದೂ ತಲೆಯಲ್ಲಿರಲಿಲ್ಲ. ಡಾಕ್ಟರ್ ಹೇಳಿದ್ದನ್ನು ಇಪ್ಪತ್ತೆರಡು ವರ್ಷ ಬರೆದ ಕೈ, ಅವತ್ತೂ ಬರೆಯಿತು.

ಶರೀಫ್ ಭಾಯಿ ಮಾಫಿ ಕೇಳಿದ ದಿನ ಏನು ಮಾಡುತ್ತಿದ್ದೆ ಎಂದು ಕೇಳಿದ್ದೀ. ಮೆಷಿನಿನ ಕಡೆ ತಿರುಗಿ ಅಲಾರಂ ಆಫ್ ಮಾಡುತ್ತಿದ್ದೆ. ಅಲಾರಂ ಹೊಡೆದುಕೊಳ್ಳುತ್ತಿರಲಿಲ್ಲ.

ಇದೇ ಮಾತುಗಳನ್ನು ಇಂಗ್ಲಿಷಿನಲ್ಲಿ ಬರೆದು, ಇಲ್ಲಿ ಆಸ್ಪತ್ರೆಗಳ ಮೇಲಿನ ದೂರು ಕೇಳುವ ಸಮಿತಿಗೆ ಇವತ್ತು ಬೆಳಿಗ್ಗೆ ಕೊಟ್ಟು ಬಂದೆ. ಕ್ಷಮಿಸು ಎಂದು ಬರೆಯುವ ಧೈರ್ಯ ನನಗಿಲ್ಲ.

ಅಪೊಲಿನ್

*

ಉಚ್ಚಿಲ
24 ನವೆಂಬರ್ 2024

ಅಪೊಲಿನ್,

ನಿನ್ನ ಕಾಗದವನ್ನು ವಿಮಾನದಲ್ಲಿ ಓದಲಿಲ್ಲ. ಅಲ್ಲಿ ಓದಿದ್ದರೆ ಕಿರುಚುತ್ತಿದ್ದೆ. ಊರಿಗೆ ಬಂದು, ಇವರನ್ನು ಕೂರಿಸಿ, ಗಟ್ಟಿಯಾಗಿ ಓದಿ ಹೇಳಿದೆ. ಅಳುತ್ತಾರೆ, ಇಲ್ಲವೆ ನಿನ್ನನ್ನು ಶಪಿಸುತ್ತಾರೆ ಎಂದುಕೊಂಡಿದ್ದೆ. “ಹೂಂ” ಎಂದರು. ಮಡಚಿಡು ಎಂದರು. ಅಷ್ಟೆ.

ಕಾಲಿನ ಊತ ಇಳಿದಿದೆ. ಇಲ್ಲಿ ಮಂಗಳೂರಿನಲ್ಲಿ ಕೈಗೆ ಫಿಸ್ತುಲಾ ಮಾಡಿದ್ದಾರೆ. ಒಂದೂವರೆ ಗಂಟೆಯಲ್ಲಿ ಮುಗಿಯಿತು. ಮಾರ್ಚ್ ತಿಂಗಳಲ್ಲಿ ನಾನು ಬೇಡ ಎಂದದ್ದು ಇಷ್ಟನ್ನೇ. ನೀನು ಬರೆದದ್ದು ಸರಿ. ಸರಿಯಾಗಿ ಬರೆದೆ ಎಂದೂ ನಿನ್ನ ಮೇಲೆ ಸಿಟ್ಟುಂಟು.

ಕ್ಷಮೆ ಬೇಕಾದರೆ ನಿನ್ನ ಇಗರ್ಜಿಯಲ್ಲಿ ಕೇಳು. ನನ್ನ ಹತ್ತಿರ ಕೊಡಲಿಕ್ಕೆ ಇಲ್ಲ. ಇನ್ನು ನನಗೆ ಬರೆಯಬೇಡ.

ನಬೀಸಾ

*

ಮಾಹೂಝ್
19 ಜನವರಿ 2025

ನಬೀಸಾ,

ಬರೆಯಬೇಡ ಎಂದದ್ದು ನೆನಪಿದೆ. ಇದೊಂದು ತಿಳಿಸಬೇಕಾಗಿದೆ, ಯಾಕೆಂದರೆ ನಿಮಗೆ ಫೋನ್ ಬರಬಹುದು.

ಆಸ್ಪತ್ರೆಯವರು ಡಿಸೆಂಬರ್‌ನಲ್ಲಿ ನನ್ನನ್ನು ಕೆಲಸದಿಂದ ತೆಗೆದರು. ಸುಳ್ಳು ಬರೆದದ್ದಕ್ಕೆ ಎಂದರು. ಅದು ನಿಜವೇ ಆದ್ದರಿಂದ ಎದುರು ಮಾತಾಡಲಿಲ್ಲ. ಸಮಿತಿಯ ಮುಂದೆ ಡಾಕ್ಟರ್ ಹೇಳಿದ್ದು ಬೇರೆ. ‘ರಕ್ತ ಮಿಡಿಯುವುದು ನನಗೆ ಕಾಣಲಿಲ್ಲ, ಸಿಸ್ಟರಿಗೆ ಕಂಡಿದ್ದರೆ ಹೇಳಬೇಕಿತ್ತು, ಅವರು ಬಾಯಿಯೇ ತೆರೆಯಲಿಲ್ಲ’ ಎಂದು. ನನ್ನನ್ನು ಕೇಳಿದರು. ಹೇಳಿದೆ ಎಂದು ಆಣೆ ಮಾಡಲು ನನ್ನಿಂದ ಆಗಲಿಲ್ಲ. ಹೇಳಲಿಲ್ಲ ಎನ್ನಲೂ ಆಗಲಿಲ್ಲ. ತೀರ್ಪು ಅದರ ಮೇಲೆ ನಿಂತಿದೆ. ನರ್ಸ್ ಲೈಸೆನ್ಸ್ ಉಳಿಯುವುದೋ ಹೋಗುವುದೋ ಅದರ ಮೇಲೆ.

ಅವರು ಶರೀಫ್ ಭಾಯಿಯನ್ನೂ ಕೇಳುತ್ತಾರಂತೆ. ನನ್ನ ಪರವಾಗಿ ಏನಾದರೂ ಹೇಳಿ ಎಂದು ಈ ಕಾಗದ ಬರೆಯುತ್ತಿಲ್ಲ. ಬಟ್ಟೆಯ ಕೆಳಗೆ, ಆ ಉಬ್ಬಸದಲ್ಲಿ, ಅವರಿಗೆ ಏನು ಕೇಳಿಸಿರಬಹುದು! ಅಪರಿಚಿತ ನಂಬರಿನಿಂದ ಫೋನ್ ಬಂದರೆ ಹೆದರಬೇಡಿ ಎನ್ನುವುದಕ್ಕೆ ಮಾತ್ರ ಬರೆದೆ.

ಅಪೊಲಿನ್

*

ಉಚ್ಚಿಲ
4 ಮಾರ್ಚ್ 2025

ಅಪೊಲಿನ್ ಸಿಸ್ಟರ್,

ನಾನು ಶರೀಫ್. ನಬೀಸಾ ನಿಮಗೆ ಬರೆಯುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಬಲಗೈ ನೆಟ್ಟಗಿದೆ, ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಕಾಗದ ಜಾರದ ಹಾಗೆ ಹಿಡಿಯಲು ಇನ್ನೊಂದು ಕೈ ಇಲ್ಲ, ಆದ್ದರಿಂದ ಅಕ್ಷರ ಓರೆ. ನೋಂಬು ಶುರುವಾಗಿದೆ. ಈ ಸಲ ನಾನು ಹಿಡಿಯುವ ಹಾಗಿಲ್ಲ. ಮನೆಯವರೆಲ್ಲ ಉಪವಾಸ ಇರುವಾಗ ನಾನೊಬ್ಬನೇ ಮಧ್ಯಾಹ್ನ ಉಣ್ಣುತ್ತೇನೆ.

ಹೋದ ಬುಧವಾರ ಸಮಿತಿಯವರು ವಿಡಿಯೋದಲ್ಲಿ ಮಾತಾಡಿದರು. “ನೀವು ಅಲುಗಾಡಿದಿರಾ?” ಎಂದು ಕೇಳಿದರು. ಇಲ್ಲ ಎಂದೆ. “ಹಾಗಾದರೆ ಡಾಕ್ಟರರ ಹತ್ತಿರ ಮಾಫಿ ಕೇಳಿದ್ದು ಯಾಕೆ?” ಎಂದರು.

ಅವರಿಗೆ ಹೇಳಿದ್ದನ್ನೇ ನಿಮಗೂ ಬರೆಯುತ್ತೇನೆ. ಅಲುಗಾಡಲಿಲ್ಲ ಎಂದು ನನಗೆ ಮೊದಲ ದಿನದಿಂದ ಗೊತ್ತಿತ್ತು. ನಿಮ್ಮ ಕಾಗದ ಓದಿ ತಿಳಿದುಕೊಂಡದ್ದಲ್ಲ. ನಾನು ಇಪ್ಪತ್ತು ವರ್ಷ ಬಂದರಿನಲ್ಲಿ ಟ್ರೇಲರ್ ಓಡಿಸಿದವನು. ಕ್ರೇನಿನವನು ಕಂಟೇನರನ್ನು ತಾಗಿಸಿ ನೆಗ್ಗಿಸಿದರೂ ಕಾಗದದಲ್ಲಿ ಬರುವುದು ಡ್ರೈವರನ ತಪ್ಪು. ಸಹಿ ಹಾಕಿದರೆ ಗೇಟು ತೆರೆಯುತ್ತದೆ. ವಾದ ಮಾಡಿದರೆ ಗಾಡಿ ಬಿಸಿಲಲ್ಲಿ ನಿಲ್ಲುತ್ತದೆ. ನೀನು ಅಲುಗಾಡಿದೆ ಎಂದು ಡಾಕ್ಟರ್ ಹೇಳಿದಾಗ ಆಸ್ಪತ್ರೆಯಲ್ಲೂ ನನಗೆ ಕಂಡದ್ದು ಅದೇ ಗೇಟು. ವಾರಕ್ಕೆ ಮೂರು ದಿನ ನನ್ನ ಮೈಯ ರಕ್ತ ಪೂರ್ತಿ ನಿಮ್ಮ ಮೆಷಿನಿನಲ್ಲಿ ಹೋಗಿ ಬರಬೇಕು. ಸೂಜಿ ನಿಮ್ಮ ಕೈಯಲ್ಲಿ, ಗುಂಡಿ ನಿಮ್ಮ ಕೈಯಲ್ಲಿ. ಅಂಥವರ ಜೊತೆ ಯಾರು ಜಗಳ ಮಾಡುತ್ತಾರೆ? ಆದ್ದರಿಂದ ಮಾಫಿ ಕೇಳಿದೆ. ನೀವೆಲ್ಲ ನನ್ನನ್ನು ಪೆದ್ದ ಎಂದುಕೊಂಡಿರಿ. ಅದೂ ನನಗೆ ಬೇಕಾಗಿತ್ತು.

ನಬೀಸಾಳಿಗೂ ಹೇಳಲಿಲ್ಲ. ಹೇಳಿದ್ದರೆ ಅವಳು ವಾರ್ಡಿನಲ್ಲೇ ರಂಪ ಮಾಡುತ್ತಿದ್ದಳು. ಊರಿಗೆ ಬಂದ ಮೇಲಾದರೂ ಹೇಳಬೇಕಿತ್ತು, ನಾಚಿಕೆಯಾಯಿತು. ಅವಳು ನನಗೋಸ್ಕರ ಇಷ್ಟು ಹೋರಾಡಿದ್ದು ನನಗೆ ಗೊತ್ತಿದ್ದ ಸಂಗತಿಗೇ. ಬುಧವಾರ ಪಕ್ಕದಲ್ಲಿ ಕುಳಿತು ಎಲ್ಲ ಕೇಳಿಸಿಕೊಂಡಳು. ಆಮೇಲೆ ಎರಡು ದಿನ ಊಟ ತಂದಿಟ್ಟು ಹಾಗೇ ಹಿಂದೆ ತಿರುಗಿದಳು. ಮೂರನೇ ದಿನ ಗಂಜಿಯ ಬಟ್ಟಲು ಕುಕ್ಕಿ, “ಎಲ್ಲರಿಗಿಂತ ದೊಡ್ಡ ಕಳ್ಳ ನೀವು” ಎಂದಳು.

ಮತ್ತೊಂದು ಪ್ರಶ್ನೆ ಕೇಳಿದರು. ಸಿಸ್ಟರ್ ಏನಾದರೂ ಹೇಳಿದ್ದು ನಿಮಗೆ ಕೇಳಿಸಿತಾ ಎಂದು. ಮುಖಕ್ಕೆ ಬಟ್ಟೆ ಮುಚ್ಚಿದವನಿಗೆ ಕಿವಿ ಬಿಟ್ಟರೆ ಇನ್ನೇನುಂಟು? “ಡಾಕ್ಟರ್ ಸಾಬ್, ರುಕಿಯೇ” ಎಂದಿರಿ. ಮೊದಲು ಮೆಲ್ಲಗೆ. ಆಮೇಲೆ ಸ್ವಲ್ಪ ಜೋರಾಗಿ. ಅದನ್ನು ಹೇಳಿದೆ. ಅವರು ಬರೆದುಕೊಂಡರು.

ಅದು ನಿಮಗೆ ಮಾಡಿದ ಉಪಕಾರ ಎಂದು ತಿಳಿಯಬೇಡಿ. ಕೃತಜ್ಞತೆಯ ಕಾಗದ ಬರೆಯಬೇಡಿ, ಊರಿಗೆ ಬಂದಾಗ ನಮ್ಮ ಮನೆಗೂ ಬರಬೇಡಿ. ಕೇಳಿಸಿದ್ದನ್ನು ಹೇಳಿದ್ದೇನೆ, ಅಷ್ಟೆ. ನೀವು ಎರಡು ಸಲ ಹೇಳಿದಿರಿ. ಮೂರನೇ ಸಲ ಹೇಳಲಿಲ್ಲ. ಎರಡನ್ನೂ ಹೇಳಿದ್ದೇನೆ.

ಮುಹಮ್ಮದ್ ಶರೀಫ್